ಬಿಚ್ಚಿದ್ದೆಲ್ಲ ಜೋಡಿಸಿದ್ದಾಯಿತು, ಕಾರು ಮಾತ್ರ ಹತ್ತಿಕೊಳ್ಳುತ್ತಿಲ್ಲ

ಹೆಡ್ ಇಳಿಸಿ ಗ್ಯಾಸ್ಕೆಟ್ ಬದಲಿಸಿದ್ದಾಯಿತು. ಟೈಮಿಂಗ್ ಬೆಲ್ಟ್ ಹೊಸದು ಬಿತ್ತು. ಬೋಲ್ಟುಗಳೆಲ್ಲ ಟಾರ್ಕ್ ರೆಂಚಿನಲ್ಲೇ ಬಿಗಿಯಾದವು. ಕೂಲೆಂಟ್ ತುಂಬಿ, ಬ್ಯಾಟರಿ ಕೊಟ್ಟು ಕೀ ತಿರುಗಿಸಿದರೆ ಎಂಜಿನ್ ಗರಗರ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ. ಇನ್ನೊಮ್ಮೆ ತಿರುಗಿಸಿದರೂ ಅದೇ ಗರಗರ. ಅಷ್ಟು ಹೊತ್ತಿಗೆ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ ‘ಬ್ಯಾಟರಿ ವೀಕ್ ಇರ್ಬೇಕು ಸಾರ್’ ಎಂದಿರುತ್ತಾರೆ. ಬೀದಿಯ ಹುಡುಗರು ‘ತಳ್ಳೋಣ್ವಾ ಅಂಕಲ್?’ ಎಂದು ಡಿಕ್ಕಿಯ ಹಿಂದೆ ಬಂದು ನಿಂತಿರುತ್ತಾರೆ. ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಹುಡುಗರ ಮಾತನ್ನಂತೂ ಕೇಳಲೇಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಮನೆಯ ಮುಂದೆಯೇ ಎಂಜಿನ್ ಬಿಚ್ಚುವ ಧೈರ್ಯ ಈಗ ಮೊದಲಿಗಿಂತ ಬೇಗ ಬರುತ್ತದೆ. ಯೂಟ್ಯೂಬ್‌ನಲ್ಲಿ ತೋರಿಸಿಕೊಡುವವರಿದ್ದಾರೆ, ಸಾಕೆಟ್ ಸೆಟ್ ಕೊರಿಯರ್‌ನಲ್ಲಿ ಮನೆಬಾಗಿಲಿಗೆ ಬರುತ್ತದೆ, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹಳೆಯ ಮಾರುತಿ 800 ಇಟ್ಟುಕೊಂಡವರಿಗಂತೂ ಇದೊಂದು ಗೀಳು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಅದು. 796 ಸಿ.ಸಿ., ಮೂರೇ ಸಿಲಿಂಡರ್. ಬಾನೆಟ್ ಎತ್ತಿದರೆ ಯಾವುದು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ. ಹಾಗಾಗಿ ಇಲ್ಲಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಯ ಮಾತು ಹೆಚ್ಚು, ಇಂಜೆಕ್ಷನ್ ಮಾದರಿಯದು ಅಲ್ಲಲ್ಲಿ.

ದಾರಿಯಲ್ಲಿ ಓಡುತ್ತಾ ನಿಂತ ಕಾರಿನ ಲೆಕ್ಕ ಬೇರೆ, ರಿಪೇರಿ ಆದ ಮೇಲೆ ಹತ್ತಿಕೊಳ್ಳದ ಕಾರಿನ ಲೆಕ್ಕ ಬೇರೆ. ಮೊದಲನೆಯದರಲ್ಲಿ ಏನೋ ಒಂದು ಸವೆದೋ ಸುಟ್ಟೋ ಕೆಟ್ಟಿರುತ್ತದೆ. ಅದು ಯಾವುದು ಬೇಕಾದರೂ ಆಗಿರಬಹುದು. ಎರಡನೆಯದರಲ್ಲಿ ಕಳೆದ ವಾರದವರೆಗೆ ಕಾಯಿಲ್ ಸರಿಯಿತ್ತು, ಪೆಟ್ರೋಲ್ ಪಂಪ್ ಸರಿಯಿತ್ತು, ಸೆಲ್ಫ್ ಮೋಟಾರ್ ಸರಿಯಿತ್ತು. ನಡುವೆ ಬದಲಾದದ್ದು ನಿಮ್ಮ ಕೈ ತಾಗಿದ ಜಾಗಗಳು ಮಾತ್ರ. ಆದರೂ ಜನ ಮಾಡುವುದೇನು? ಹೊಸ ಪ್ಲಗ್ ತರುತ್ತಾರೆ, ಅದೂ ಆಗದಿದ್ದರೆ ಹೊಸ ಕಾಯಿಲ್, ಆಮೇಲೆ ಪಂಪ್. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಸಾವಿರಾರು ರೂಪಾಯಿ ಸುರಿದ ಮೇಲೆ ತಪ್ಪು ಎಲ್ಲಿತ್ತೆಂದರೆ, ಸಿಕ್ಕಿಸಲು ಮರೆತ ಒಂದು ಕನೆಕ್ಟರ್‌ನಲ್ಲಿ.

ಆದ್ದರಿಂದ ಕೀ ತೆಗೆದು ಪಕ್ಕಕ್ಕಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಬರೆಯಿರಿ. ಗ್ಯಾಸ್ಕೆಟ್ ಬದಲಿಸಿದೆ ಎಂದು ಒಂದೇ ಸಾಲು ಬರೆದರೆ ಪ್ರಯೋಜನವಿಲ್ಲ. ಗ್ಯಾಸ್ಕೆಟ್‌ವರೆಗೆ ಹೋಗಲು ಏರ್ ಫಿಲ್ಟರ್ ಡಬ್ಬಿ ತೆಗೆದಿರಿ, ಅದರ ಹಿಂದಿನ ಸಣ್ಣ ರಬ್ಬರ್ ಪೈಪು ಎಳೆದಿರಿ, ಎಕ್ಸಲರೇಟರ್ ಕೇಬಲ್ ಕಳಚಿದಿರಿ, ಪ್ಲಗ್ ವೈರ್ ಕಿತ್ತಿರಿ, ಹೆಡ್ಡಿಗೆ ಕೂತಿದ್ದ ಅರ್ಥ್ ವೈರ್ ಬಿಚ್ಚಿದಿರಿ. ತಪ್ಪು ಅಡಗಿರುವುದು ಹೆಚ್ಚಾಗಿ ಈ ಚಿಲ್ಲರೆ ಕೆಲಸಗಳಲ್ಲಿ. ದೊಡ್ಡ ಕೆಲಸ ಮಾಡುವಾಗ ಮೈಯೆಲ್ಲ ಕಣ್ಣಾಗಿರುತ್ತದೆ, ಸಣ್ಣದನ್ನು ಸಿಕ್ಕಿಸುವಾಗ ಊಟದ ಹೊತ್ತಾಗಿರುತ್ತದೆ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದಿದ್ದರೆ ಈಗ ಅದನ್ನು ತೆರೆದು ಒಂದೊಂದನ್ನೂ ಹೋಲಿಸಿ. ತಟ್ಟೆಯಲ್ಲಿ ಒಂದು ಬೋಲ್ಟು, ಒಂದು ಕ್ಲಿಪ್ಪು ಉಳಿದಿದ್ದರೆ ‘ಎಕ್ಸ್‌ಟ್ರಾ ಇರಬೇಕು’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕಂಪನಿಯವರು ಎಕ್ಸ್‌ಟ್ರಾ ಕೊಡುವುದಿಲ್ಲ.

ಇನ್ನು ಕಾರೇ ಏನು ಹೇಳುತ್ತಿದೆ ಎಂದು ಕೇಳಬೇಕು. ಪೆಟ್ರೋಲ್ ಎಂಜಿನ್ ಹತ್ತಿಕೊಳ್ಳಲು ಬೇಕಾದದ್ದು ಹೆಚ್ಚೇನಲ್ಲ. ಸಾಕಷ್ಟು ವೇಗವಾಗಿ ಸುತ್ತಬೇಕು, ಒಳಗೆ ಗಾಳಿ ಅದುಮಿಕೊಳ್ಳಬೇಕು, ಪೆಟ್ರೋಲ್ ಬರಬೇಕು, ಕಿಡಿ ಹಾರಬೇಕು, ಇವೆಲ್ಲ ಸರಿಯಾದ ಗಳಿಗೆಯಲ್ಲಿ ಕೂಡಿಬರಬೇಕು. ಇದರಲ್ಲಿ ಯಾವುದು ತಪ್ಪಿದೆ ಎಂಬುದರ ಮೊದಲ ಸುಳಿವು ಸೆಲ್ಫ್ ಹೊಡೆದಾಗ ಬರುವ ಸದ್ದಿನಲ್ಲೇ ಸಿಗುತ್ತದೆ.

ಒಂದೇ ಒಂದು ‘ಟಕ್’ ಎಂದು ಸುಮ್ಮನಾದರೆ, ಇಲ್ಲವೇ ಮುಕ್ಕಿರಿದು ಮುಕ್ಕಿರಿದು ನಿಧಾನವಾಗಿ ಸುತ್ತಿದರೆ, ಕರೆಂಟ್ ಸರಿಯಾಗಿ ಮುಟ್ಟುತ್ತಿಲ್ಲ. ಇಲ್ಲಿ ಪಕ್ಕದ ಮನೆಯವರ ಮಾತು ಅರ್ಧ ನಿಜವಾಗಬಹುದು. ಆದರೆ ನೀವು ಹೆಡ್‌ಲೈಟ್ ಹಾಕಿ ನೋಡಿ, ಚೆನ್ನಾಗಿ ಉರಿಯುತ್ತಿದೆ, ಬ್ಯಾಟರಿ ಸರಿಯಿದೆ ಎಂದು ವಾದ ಮಾಡುತ್ತೀರಿ. ಆ ಪರೀಕ್ಷೆ ಸಾಲದು. 60 ವ್ಯಾಟ್‌ನ ಹೆಡ್‌ಲೈಟ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ಸೆಲ್ಫ್ ಮೋಟಾರಿಗೆ ಬೇಕಾದದ್ದು ನೂರು ಆಂಪಿಯರ್‌ನ ಆಸುಪಾಸು. ಬ್ಯಾಟರಿ ಟರ್ಮಿನಲ್ ಸಡಿಲವಾಗಿಯೋ ಕಿಲುಬು ಹಿಡಿದೋ ದಾರಿಯಲ್ಲಿ 0.1 ಓಮ್ ಅಡ್ಡಿಯಿದೆ ಎಂದುಕೊಳ್ಳಿ. 5 ಆಂಪಿಯರ್‌ಗೆ ಅಲ್ಲಿ ನಷ್ಟವಾಗುವುದು ಅರ್ಧ ವೋಲ್ಟ್. ದೀಪಕ್ಕೆ ಅದು ಗೊತ್ತೂ ಆಗುವುದಿಲ್ಲ. ಅದೇ ದಾರಿಯಲ್ಲಿ 100 ಆಂಪಿಯರ್ ಹಾಯಬೇಕೆಂದರೆ 10 ವೋಲ್ಟ್ ಅಲ್ಲೇ ಮುಗಿಯಬೇಕು. 12 ವೋಲ್ಟಿನ ಬ್ಯಾಟರಿಯಲ್ಲಿ ಮೋಟಾರಿಗೆ ಉಳಿಯುವುದೇನು? ದೀಪ ಝಗಝಗ, ಸೆಲ್ಫ್ ಮಾತ್ರ ಟಕ್.

ಎಂಜಿನ್ ಕೆಲಸದ ನಂತರ ಇಂಥ ಅಡ್ಡಿ ಬರುವ ಮಾಮೂಲಿ ಜಾಗ ಎಂಜಿನ್‌ನ ಅರ್ಥ್. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ದಪ್ಪನೆಯ ವೈರೋ ಜಡೆಯಂತೆ ಹೆಣೆದ ಪಟ್ಟಿಯೋ ಇರುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಆ ಪಟ್ಟಿ ಬಿಟ್ಟರೆ ಕರೆಂಟಿಗೆ ವಾಪಸು ಬರುವ ಒಳ್ಳೆಯ ದಾರಿಯೇ ಇಲ್ಲ. ಪಟ್ಟಿ ಹಾಕಲು ಮರೆತರೆ ಕರೆಂಟು ಸುಮ್ಮನಿರುವುದಿಲ್ಲ. ಎಕ್ಸಲರೇಟರ್ ಕೇಬಲ್ಲು, ಚೋಕ್ ಕೇಬಲ್ಲು, ಎಲ್ಲಿ ಲೋಹ ಸಿಗುತ್ತದೋ ಅಲ್ಲಿ ನುಗ್ಗುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗಿ ಹೊಗೆಯಾಡಿದರೆ ಬೇರೆ ಪರೀಕ್ಷೆಯೇ ಬೇಡ. ಪಟ್ಟಿ ಹಾಕಿದ್ದೀರಿ, ಆದರೂ ಅನುಮಾನವೆಂದರೆ ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಇನ್ನೊಂದನ್ನು ಎಂಜಿನ್‌ನ ಬರಿಯ ಲೋಹಕ್ಕೆ ಹಿಡಿದು, ಜೊತೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್ ಮೀರಿ ತೋರಿಸಿದರೆ ಅರ್ಥ್ ಕೆಟ್ಟಿದೆ. ಹೆಡ್ಡಿಗೆ, ಬ್ಲಾಕಿಗೆ ಹೊಸದಾಗಿ ಪೇಂಟ್ ಹೊಡೆದು ಅದರ ಮೇಲೆಯೇ ಅರ್ಥ್ ಬಿಗಿದವರೂ ಇರುತ್ತಾರೆ. ಪೇಂಟ್ ಕೆರೆದು ಬಿಗಿಯಬೇಕು.

ಬ್ಯಾಟರಿಯನ್ನೂ ಅದೇ ಮೀಟರಿನಲ್ಲಿ ನೋಡಿಬಿಡಿ. ಪೂರ್ತಿ ಚಾರ್ಜ್ ಇದ್ದರೆ ಸುಮ್ಮನಿರುವಾಗ 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆಯುವಾಗ ಹತ್ತರ ಕೆಳಗೆ ಬಿದ್ದರೆ ಮೊದಲು ಚಾರ್ಜಿಗೆ ಹಾಕಿ. ವಾರಗಟ್ಟಲೆ ಬಿಚ್ಚಿಟ್ಟ ಕಾರಿನ ಬ್ಯಾಟರಿ ಇಳಿದಿರುವುದು ಸಹಜ, ಮೇಲೆ ಇವತ್ತು ಸಂಜೆಯಿಂದ ನೀವು ಹೊಡೆದ ಸೆಲ್ಫ್ ಬೇರೆ.

ಎರಡನೆಯ ಬಗೆಯ ಸದ್ದು ಇದಕ್ಕೆ ತದ್ವಿರುದ್ಧ. ಎಂಜಿನ್ ಎಂದಿಗಿಂತ ಹಗುರಾಗಿ, ಹೊಲಿಗೆ ಮಿಷನ್ ಓಡಿದಂತೆ ಒಂದೇ ಸಮನೆ ‘ಸುಯ್ಯ್’ ಎಂದು ಸುತ್ತುತ್ತದೆ. ಸರಿಯಾದ ಎಂಜಿನ್‌ನ ಸದ್ದಿನಲ್ಲಿ ಒಂದು ಲಯವಿರುತ್ತದೆ. ಒಂದೊಂದು ಸಿಲಿಂಡರ್ ಗಾಳಿ ಅದುಮುವಾಗಲೂ ಮೋಟಾರು ಒಂದಿಷ್ಟು ತಡವರಿಸುತ್ತದೆ. ಆ ತಡವರಿಕೆಯೇ ಇಲ್ಲವೆಂದರೆ ಕಂಪ್ರೆಷನ್ ಇಲ್ಲ, ಅಂದರೆ ವಾಲ್ವುಗಳು ಮುಚ್ಚಿಕೊಳ್ಳುತ್ತಿಲ್ಲ. ಟೈಮಿಂಗ್ ಬೆಲ್ಟ್ ತಪ್ಪಾಗಿ ಕೂತಿರಬಹುದು. ಟ್ಯಾಪೆಟ್ ಹೊಂದಿಸುವಾಗ ಸಂದು ಬಿಡದೆ ಬಿಗಿದಿರಬಹುದು; ಇರಬೇಕಾದ ಸಂದು ಮಿಲಿಮೀಟರ್‌ನ ಹತ್ತನೇ ಒಂದೆರಡು ಭಾಗದಷ್ಟು, ಅದೂ ಇಲ್ಲದಿದ್ದರೆ ವಾಲ್ವು ಸದಾ ಒಂಚೂರು ತೆರೆದೇ ಇರುತ್ತದೆ. ಈ ಸದ್ದು ಕೇಳಿದ ಕೂಡಲೇ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ. ಟೈಮಿಂಗ್ ತಪ್ಪಿದರೆ ಪಿಸ್ಟನ್ ಬಂದು ವಾಲ್ವಿಗೆ ಗುದ್ದುವ ಎಂಜಿನ್‌ಗಳು ಬಹಳ ಇವೆ. ಅಂಥದ್ದರಲ್ಲಿ ಇನ್ನೊಂದು ಸಲ ನೋಡೋಣ ಎಂದು ಹೊಡೆದ ಸೆಲ್ಫು ವಾಲ್ವನ್ನು ಬಗ್ಗಿಸಿ, ಈಗಷ್ಟೇ ಕೂರಿಸಿದ ಹೆಡ್ಡನ್ನು ಮತ್ತೆ ಇಳಿಸುವಂತೆ ಮಾಡುತ್ತದೆ.

ಕಾರು ತಳ್ಳುವುದು ಬೇಡ ಎಂದದ್ದು ಇದಕ್ಕೇ. ಬೆಲ್ಟ್ ಕೆಲಸ ಮಾಡಿದ ಎಂಜಿನ್‌ನ ಟೈಮಿಂಗ್ ಸರಿಯಿದೆ ಎಂದು ಖಾತ್ರಿಯಾಗುವ ತನಕ ಅದನ್ನು ಗೇರಿಗೆ ಹಾಕಿ ತಳ್ಳಬಾರದು, ಜೀಪಿಗೆ ಹಗ್ಗ ಕಟ್ಟಿ ಎಳೆಸಲೂಬಾರದು. ಸೆಲ್ಫ್ ಮೋಟಾರಿಗಾದರೂ ಒಂದು ಮಿತಿ ಇದೆ. ನಾಲ್ಕು ಜನರ ತೋಳಿಗೆ, ಇಳಿಜಾರಿಗೆ ಆ ಮಿತಿ ಇಲ್ಲ.

ಅಂಬಾಸಡರ್, ಪದ್ಮಿನಿ ಕಾಲದವರಿಗೆ ಒಂದು ಅನುಕೂಲವಿತ್ತು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವಾಗ ಕಂಪ್ರೆಷನ್ ಬಂದು ಕೈಗೆ ಒತ್ತುತ್ತಿತ್ತು. ಒಳಗೆ ಏನಾದರೂ ತಾಗುತ್ತಿದ್ದರೆ ಅಂಗೈಗೇ ಗೊತ್ತಾಗುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಕ್ರಮೇಣ ಹ್ಯಾಂಡಲ್ ಬೇಡವಾಯಿತು, ಮುರಿದ ಮಣಿಕಟ್ಟುಗಳೂ ಕಡಿಮೆಯಾದವು. ಆದರೆ ಎಂಜಿನ್ ಬಿಚ್ಚಿ ಜೋಡಿಸಿದ ದಿನ ಮಾತ್ರ ಕೈಯೇ ಬೇಕು. ಪ್ಲಗ್ಗುಗಳನ್ನು ಕಳಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವು ತಾಗುತ್ತಿರಬಹುದು, ಪ್ಲಗ್ ತೂತಿನಿಂದ ಒಳಗೆ ಏನೋ ಬಿದ್ದಿರಬಹುದು. ಹೆಡ್ ಎತ್ತಿದಾಗ ಸುರಿದ ಕೂಲೆಂಟ್ ಸಿಲಿಂಡರಿನಲ್ಲಿ ನಿಂತಿದ್ದರೆ ಹೀಗೆ ತಿರುಗಿಸುವಾಗ ಪ್ಲಗ್ ತೂತಿನಿಂದ ಚಿಮ್ಮಿ ಹೋಗುತ್ತದೆ. ಪ್ಲಗ್ ಹಾಕಿಕೊಂಡೇ ಸೆಲ್ಫ್ ಹೊಡೆದಿದ್ದರೆ ಆ ನೀರು ಅದುಮಲು ಬಾರದೆ ಕನೆಕ್ಟಿಂಗ್ ರಾಡ್ ಬಗ್ಗಿಸಬಹುದಿತ್ತು.

ಈಗ ಟೈಮಿಂಗ್. ಮನೆ ರಿಪೇರಿಯ ತಲೆನೋವುಗಳಲ್ಲಿ ಇದಕ್ಕೆ ಮೊದಲ ಸ್ಥಾನ, ಹಾಗಾಗಿ ಸ್ವಲ್ಪ ಬಿಡಿಸಿ ನೋಡಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಕ್ಯಾಮ್ ಒಂದು ಸುತ್ತು. ಆ ಎರಡು ಸುತ್ತಿನಲ್ಲಿ ಒಂದನೇ ಪಿಸ್ಟನ್ ಎರಡು ಸಲ ಟಾಪಿಗೆ ಬರುತ್ತದೆ: ಒಮ್ಮೆ ಗಾಳಿ ಅದುಮಿ, ಇನ್ನೊಮ್ಮೆ ಹೊಗೆ ಹೊರದೂಡಿ. ಕಿಡಿ ಬೇಕಾದದ್ದು ಮೊದಲನೆಯದಕ್ಕೆ. ಕ್ರ್ಯಾಂಕ್ ಪುಲ್ಲಿಯ ಗುರುತನ್ನಷ್ಟೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಲು ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಬೆರಳು ಒತ್ತಿ ಹಿಡಿದು, ಜೊತೆಯವರಿಂದ ಕೈಯಲ್ಲೇ ಎಂಜಿನ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿಕೊಂಡು ಬಂದು ಆಮೇಲೆ ಗುರುತು ಕೂಡಿದರೆ ಅದು ಕಂಪ್ರೆಷನ್ ಟಾಪ್. ಬೆರಳಿಗೆ ಏನೂ ಅನ್ನಿಸದೆ ಗುರುತು ಕೂಡಿದರೆ ಇನ್ನೊಂದು ಸುತ್ತು ಹೋಗಬೇಕು.

ಬೆಲ್ಟ್ ಒಂದು ಹಲ್ಲು ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಕ್ಯಾಮ್ ಚಕ್ರಕ್ಕೆ 40 ಹಲ್ಲು ಎಂದಿಟ್ಟುಕೊಳ್ಳಿ. ಒಂದು ಹಲ್ಲೆಂದರೆ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಒಂದು ಹಲ್ಲಿಗೆ ಕಾರು ಹತ್ತಿಕೊಂಡರೂ ಹತ್ತಿಕೊಳ್ಳಬಹುದು, ಆದರೆ ಏರಿನಲ್ಲಿ ಜೀವವಿರುವುದಿಲ್ಲ. ಎರಡು ಮೂರು ಹಲ್ಲಿಗೆ ಹತ್ತಿಕೊಳ್ಳುವ ಆಸೆ ಬಿಡಬೇಕು. ತಪ್ಪು ನುಸುಳುವುದು ಹೆಚ್ಚಾಗಿ ಟೆನ್ಷನರ್ ಬಿಗಿಯುವಾಗ. ಗುರುತುಗಳು ಕೂಡಿದ್ದಾಗ ಬೆಲ್ಟ್ ಹಾಕುತ್ತೀರಿ. ಟೆನ್ಷನರ್ ಇರುವ ಪಕ್ಕಕ್ಕೆ ಎದುರಿನ ಪಕ್ಕದಲ್ಲಿ ಬೆಲ್ಟು ಸಡಿಲವಾಗಿ ಉಳಿದಿರುತ್ತದೆ. ಟೆನ್ಷನರ್ ಬಿಟ್ಟ ಕೂಡಲೇ ಆ ಸಡಿಲನ್ನು ಎಳೆದುಕೊಂಡು ಕ್ಯಾಮ್ ಒಂದು ಹಲ್ಲು ಜಾರಿ ನಿಲ್ಲುತ್ತದೆ. ಕಣ್ಣಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಅದಕ್ಕೇ ಬೆಲ್ಟ್ ಬಿಗಿದ ಮೇಲೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಕ್ಯಾಮ್ ಗುರುತು, ಕ್ರ್ಯಾಂಕ್ ಗುರುತು ಎರಡೂ ಮತ್ತೆ ತಮ್ಮ ಜಾಗಕ್ಕೆ ಬಂದವೇ ಎಂದು ನೋಡಲೇಬೇಕು. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಿದವರೇ ಆಮೇಲೆ ಕಾಯಿಲ್ ಕೊಳ್ಳಲು ಓಡುವವರು.

ಹಳೆಯ ಮಾದರಿಯಲ್ಲಿ ಇದರ ಮೇಲೆ ಡಿಸ್ಟ್ರಿಬ್ಯೂಟರ್ ಒಂದಿದೆ, ಗ್ಯಾರೇಜಿನವರ ಡೆಲ್ಕೋ. ಬೆಲ್ಟ್ ಸರಿಯಾಗಿ ಕೂತು, ಡೆಲ್ಕೋವನ್ನು ಅರ್ಧ ಸುತ್ತು ತಪ್ಪಾಗಿ ಇಳಿಸಿದರೆ ಕಿಡಿ ಹೊಗೆ ಹೊರದೂಡುವ ಟಾಪಿನಲ್ಲಿ ಬೀಳುತ್ತದೆ. ಆಗ ಕಂಪ್ರೆಷನ್ ಇದೆ, ಪೆಟ್ರೋಲ್ ಇದೆ, ಕಿಡಿಯೂ ನೀಲಿಯಾಗಿ ಚೆನ್ನಾಗಿದೆ. ಆದರೂ ಎಂಜಿನ್ ಕಾರ್ಬ್ಯುರೇಟರ್ ಬಾಯಿಂದ ‘ಫಟ್’ ಎಂದು ಉಗುಳುತ್ತದೆ. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಟಾಪಿಗೆ ತಂದು ಡೆಲ್ಕೋ ಮುಚ್ಚಳ ತೆಗೆದರೆ ರೋಟರ್ ಒಂದನೇ ಪ್ಲಗ್ ವೈರಿನ ಕಡೆಗೇ ಮುಖ ಮಾಡಿರಬೇಕು. ಮುಚ್ಚಳ ತೆಗೆದಾಗ ರೋಟರೇ ಇಲ್ಲದಿರುವುದೂ ಉಂಟು. ಕೆಲಸ ಮಾಡುವಾಗ ಬೀಳದಿರಲೆಂದು ಅದನ್ನು ತೆಗೆದು ಡ್ಯಾಶ್‌ಬೋರ್ಡ್ ಮೇಲೋ ಜೇಬಿನಲ್ಲೋ ಇಟ್ಟು ಮರೆಯುವುದು ಹಳೆಯ ರೋಗ. ಆ ಬೆರಳುದ್ದದ ಪ್ಲಾಸ್ಟಿಕ್ ಇಲ್ಲದೆ ಯಾವ ಪ್ಲಗ್ಗಿಗೂ ಕಿಡಿ ಹೋಗದು. 1940ರಲ್ಲಿ ಜರ್ಮನ್ ಸೈನಿಕರು ಬಂದಿಳಿಯುವ ಭಯದಲ್ಲಿದ್ದ ಬ್ರಿಟನ್, ನಿಲ್ಲಿಸಿ ಹೋಗುವ ಕಾರುಗಳನ್ನು ಓಡದಂತೆ ಮಾಡಿ ಹೋಗಬೇಕೆಂದು ಕಾನೂನು ತಂದಾಗ ಜನ ಈ ರೋಟರನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಪ್ಲಗ್ ವೈರುಗಳ ಕ್ರಮಕ್ಕೆ ಬರೋಣ. ಮಾರುತಿ 800ರ ಫೈರಿಂಗ್ ಆರ್ಡರ್ 1-3-2. ಮೂರು ವೈರುಗಳನ್ನು ಮೂರು ಪ್ಲಗ್ಗಿಗೆ ಹಾಕುವ ಬಗೆಗಳು ಒಟ್ಟು ಆರು. ಅದರಲ್ಲಿ ಸರಿ ಒಂದೇ. ಉಳಿದ ಐದರಲ್ಲಿ ಮೂರು ಬಗೆ ಎಂದರೆ ಎರಡು ವೈರು ಮಾತ್ರ ಅದಲುಬದಲಾದವು. ಆಗ ಒಂದು ಸಿಲಿಂಡರಿಗೆ ಸರಿಯಾದ ಹೊತ್ತಿಗೆ ಕಿಡಿ ಬೀಳುತ್ತದೆ, ಎಂಜಿನ್ ಒಂದೊಂದು ಸಲ ಹತ್ತಿಕೊಳ್ಳುವಂತೆ ಮಾಡಿ, ಒದ್ದು, ಕೆಮ್ಮಿ ನಿಲ್ಲುತ್ತದೆ. ಇನ್ನೆರಡು ಬಗೆಯಲ್ಲಿ ಮೂರೂ ತಪ್ಪು. ಕೆಮ್ಮೂ ಇಲ್ಲ, ಬರೀ ಉಗುಳು. ಹಾಗಾಗಿ ಸತ್ತಂತೆ ಸುಮ್ಮನಿರುವ ಎಂಜಿನ್‌ಗಿಂತ ಕೆಮ್ಮುವ ಎಂಜಿನ್ ಒಳ್ಳೆಯ ಲಕ್ಷಣ. ಅದರ ಸಾಮಾನೆಲ್ಲ ಸರಿಯಿದೆ, ಕ್ರಮ ತಪ್ಪಿದೆ ಅಷ್ಟೆ. ಅಂಬಾಸಡರ್‌ನಂಥ ನಾಲ್ಕು ಸಿಲಿಂಡರಿನವರಿಗೆ ಬಗೆಗಳು ಇಪ್ಪತ್ನಾಲ್ಕಾಗುತ್ತವೆ. ಅಂದಾಜಿನಲ್ಲಿ ಹಾಕಿ ನೋಡುತ್ತ ಕೂತರೆ ಕತ್ತಲಾಗುತ್ತದೆ. ಡೆಲ್ಕೋ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ನೋಡಿಕೊಂಡು, ಒಂದನೇದರಿಂದ ಆರಂಭಿಸಿ ಆ ದಿಕ್ಕಿನಲ್ಲೇ ಎಣಿಸಿ ಹಾಕಿ.

ಸದ್ದು ಮಾಮೂಲಿನಂತಿದೆ, ಕೆಮ್ಮೂ ಇಲ್ಲ, ಒದೆಯೂ ಇಲ್ಲ ಎಂದಾದರೆ ಒಂದು ಪ್ಲಗ್ ಬಿಚ್ಚಿ ಮೂಸಿ ನೋಡಿ. ಮೂಗಿನಷ್ಟು ಅಗ್ಗದ, ಅದರಷ್ಟು ನಂಬಿಕಸ್ಥ ಉಪಕರಣ ಇನ್ನೊಂದಿಲ್ಲ. ಪ್ಲಗ್ ಒದ್ದೆಯಾಗಿ ಪೆಟ್ರೋಲ್ ನಾತ ಬಂದರೆ ಪೆಟ್ರೋಲ್ ತಲುಪುತ್ತಿದೆ. ಹುಡುಕಬೇಕಾದದ್ದು ಕಿಡಿಯನ್ನು, ಟೈಮಿಂಗನ್ನು. ಒಣಗಿದ್ದರೆ ಪೆಟ್ರೋಲ್ ಬಂದಿಲ್ಲ. ಕೂಲೆಂಟ್‌ನ ಬಣ್ಣ, ಜಿಗುಟು ಕಂಡರೆ ಮತ್ತೆ ಹೆಡ್ಡಿನ ಕಡೆಗೇ ನಡೆಯಬೇಕು.

ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಒಳ್ಳೆಯದು. ಹಳೆಯ ಮಾದರಿಯಲ್ಲಿ ಬೇರೊಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗಿಸಿಟ್ಟು, ಕೈ ದೂರವಿಟ್ಟು ನೋಡಬಹುದು. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ, ತೆರೆದ ಪ್ಲಗ್ ತೂತಿನ ಪಕ್ಕದಲ್ಲಿ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. ಇಂಜೆಕ್ಷನ್ ಮಾದರಿಯಾಗಿದ್ದು ಎಲ್ಲಿಯೂ ಕಿಡಿಯೇ ಇಲ್ಲವೆಂದರೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಇಲ್ಲವೇ ಕ್ಯಾಮ್ ಸೆನ್ಸರ್ ಮೇಲೆ ಬರಬೇಕು. ಎಂಜಿನ್ ಸುತ್ತುತ್ತಿದೆ ಎಂಬ ಸುದ್ದಿ ಅಲ್ಲಿಂದಲೇ ಕಂಪ್ಯೂಟರಿಗೆ ಹೋಗಬೇಕು. ಆ ಸುದ್ದಿ ತಲುಪದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಬೆಲ್ಟ್, ಪುಲ್ಲಿ ಕೆಲಸ ಮಾಡುವಾಗ ಈ ಸೆನ್ಸರುಗಳ ಸಾಕೆಟ್ ಬಿಡಿಸಿರುತ್ತೀರಿ. ‘ಕ್ಲಿಕ್’ ಎನ್ನುವ ತನಕ ಒತ್ತಿದ್ದೀರಾ? ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಒಂಚೂರೂ ಅಲುಗದಿರುವುದು ಅನೇಕ ಕಾರುಗಳಲ್ಲಿ ಇದೇ ತೊಂದರೆಯ ಗುರುತು. ಕೀ ಹಾಕಿದಾಗ ಚೆಕ್ ಎಂಜಿನ್ ದೀಪವೇ ಹೊತ್ತದಿದ್ದರೆ ಕಂಪ್ಯೂಟರಿಗೇ ಕರೆಂಟ್ ಇಲ್ಲ. ಫ್ಯೂಸ್ ನೋಡಿ, ಅದರ ಅರ್ಥ್ ನೋಡಿ. ಕೀ ಚಿತ್ರದ ದೀಪ ಮಿಣುಕುತ್ತಿದ್ದರೆ ಇಮ್ಮೊಬಿಲೈಜರ್ ತಡೆದಿದೆ. ವಾರಗಟ್ಟಲೆ ನಿಂತ ಕಾರಿನ ಬಾನೆಟ್ ಕೆಳಗೆ ಇಲಿ ಸಂಸಾರ ಹೂಡಿ ವೈರು ಕಡಿದಿರುವುದೂ ನಮ್ಮಲ್ಲಿ ಹೊಸದೇನಲ್ಲ.

ಈಚಿನ ಕಾರುಗಳಾದರೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಮೊಬೈಲ್‌ನಲ್ಲೇ ಕೋಡ್ ಓದಬಹುದು. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರ್ ದಾರಿಯಲ್ಲಿ ತೊಂದರೆ, ಪಿ0340 ಎಂದರೆ ಕ್ಯಾಮ್ ಸೆನ್ಸರಿನದು, ಪಿ0016 ಎಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳೆಯಾಗುತ್ತಿಲ್ಲ. ಕೋಡ್ ಬಂತೆಂದು ಸೆನ್ಸರ್ ಕೊಳ್ಳಲು ಹೋಗಬೇಡಿ; ಅದು ತೊಂದರೆಯ ಬೀದಿ ತೋರಿಸುತ್ತದೆಯೇ ಹೊರತು ಮನೆ ನಂಬರನ್ನಲ್ಲ. ಬೆಲ್ಟ್ ಹಾಕಿದ ಮಾರನೆಯ ದಿನ ಪಿ0016 ಬಂದರೆ ಬೆಲ್ಟ್ ಕವರ್ ಬಿಚ್ಚಬೇಕು, ಅಷ್ಟೆ.

ಪೆಟ್ರೋಲಿನ ವಿಷಯ ಇಷ್ಟು ಗಹನವಲ್ಲ. ಕಾರ್ಬ್ಯುರೇಟರ್ ಬಿಚ್ಚಿದ್ದರೆ ಅದರ ಫ್ಲೋಟ್ ಬಟ್ಟಲು ಖಾಲಿಯಾಗಿರುತ್ತದೆ. ಪಂಪು ಅದನ್ನು ತುಂಬಲು ಹಲವು ಸಲ ಸೆಲ್ಫ್ ಹೊಡೆಯಬೇಕಾಗಬಹುದು. ಪಂಪಿಗೆ ಬರುವ ಪೈಪು, ಹೋಗುವ ಪೈಪು, ಟ್ಯಾಂಕಿಗೆ ಮರಳುವ ಪೈಪು ಅದಲುಬದಲಾಗಿದ್ದರೆ ಎಷ್ಟು ಹೊಡೆದರೂ ತುಂಬದು. ಇಂಜೆಕ್ಷನ್ ಕಾರಿನಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡ್ ‘ಝುಂಯ್’ ಎಂಬ ಸದ್ದು ಬರಬೇಕು, ಅದು ಪಂಪು. ಪೈಪು ಬಿಚ್ಚಿ ಹಾಕಿದ್ದರೆ ಕೀಯನ್ನು ನಾಲ್ಕಾರು ಸಲ ಆನ್, ಆಫ್ ಮಾಡಿ ಒತ್ತಡ ಏರಲು ಬಿಟ್ಟು ಆಮೇಲೆ ಸೆಲ್ಫ್ ಹೊಡೆಯಿರಿ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ. ಗ್ಯಾಸ್ ಕಿಟ್ ಹಾಕಿಸಿದ ಓಮ್ನಿಯಾದರೆ ಸ್ವಿಚ್ ಯಾವ ಕಡೆಗಿದೆ ನೋಡಿ. ಸಿಲಿಂಡರ್ ಖಾಲಿ, ಸ್ವಿಚ್ ಗ್ಯಾಸಿನಲ್ಲೇ, ಯಜಮಾನರು ಎಂಜಿನ್ ಮತ್ತೆ ಬಿಚ್ಚಲು ಹೊರಟಿದ್ದಾರೆ, ಇಂಥದ್ದೂ ನಡೆಯುತ್ತದೆ. ಕಾರು ಚೋಕ್ ಎಳೆದಾಗ ಹತ್ತಿಕೊಂಡು ಬಿಟ್ಟ ಕೂಡಲೇ ಸಾಯುತ್ತಿದ್ದರೆ, ಕೆಲವು ಕಾರ್ಬ್ಯುರೇಟರ್‌ಗಳ ಪಕ್ಕದಲ್ಲಿರುವ ಸೊಲೆನಾಯ್ಡಿನ ಒಂಟಿ ವೈರು ಬಿಟ್ಟುಹೋಗಿದೆಯೇ ನೋಡಬೇಕು.

ಪೆಟ್ರೋಲ್ ಕಡಿಮೆಯಾಗುವುದಕ್ಕಿಂತ ಹೆಚ್ಚಾಗಿ ಕೆಲಸ ಕೆಡುವುದು ಹಟ ಹಿಡಿದು ಸೆಲ್ಫ್ ಹೊಡೆದು ಓವರ್‌ಫ್ಲೋ ಆದಾಗ. ಪ್ಲಗ್ಗುಗಳು ತೊಯ್ದು ಕಿಡಿ ಸಾಯುತ್ತದೆ. ಜೊತೆಗೆ ಸಿಲಿಂಡರಿನ ಗೋಡೆಯ ಮೇಲಿದ್ದ ಆಯಿಲ್ ಪದರವನ್ನೂ ಪೆಟ್ರೋಲ್ ತೊಳೆದು, ಇದ್ದ ಕಂಪ್ರೆಷನ್ನೂ ಕುಸಿಯುತ್ತದೆ. ಆಗ ಮೂಲ ತಪ್ಪು ಸರಿಪಡಿಸಿದರೂ ಕಾರು ಹತ್ತಿಕೊಳ್ಳದೆ ನಿಮ್ಮ ದಾರಿ ತಪ್ಪಿಸುತ್ತದೆ. ಪ್ಲಗ್ ಬಿಚ್ಚಿ ಒಣಗಿಸಿ, ಒಂದೊಂದು ಸಿಲಿಂಡರಿಗೂ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ ಪ್ಲಗ್ ಹಾಕಿ. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಎಕ್ಸಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಪೆಟ್ರೋಲ್ ನಿಂತು ಬರೀ ಗಾಳಿ ಹೋಗುತ್ತದೆ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಕಾರ್ಬ್ಯುರೇಟರ್ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವ ಚಾಳಿ ಕೆಲವರಿಗಿದೆ. ಡೆಲ್ಕೋ ತಪ್ಪಾಗಿರುವ ಎಂಜಿನ್ ಅದೇ ಬಾಯಿಂದ ಬೆಂಕಿ ಉಗುಳುತ್ತದೆ ಎಂಬುದು ನೆನಪಿರಲಿ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಲ್ಲದೆ ಈ ಕೆಲಸಕ್ಕೇ ಇಳಿಯಬಾರದು.

ಗಾಳಿಯ ದಾರಿಯನ್ನೂ ಒಮ್ಮೆ ನೋಡಿ. ಹೆಡ್ ಬಿಚ್ಚಿದಾಗ ಧೂಳು ಬೀಳದಿರಲೆಂದು ಇನ್‌ಟೇಕ್ ತೂತುಗಳಿಗೆ ಬಟ್ಟೆ ತುರುಕಿದ್ದಿರಲ್ಲ, ಅದು ಹೊರಗೆ ಬಂತೇ? ಪಳಗಿದ ಮೆಕ್ಯಾನಿಕ್‌ಗಳೇ ಮರೆಯುವ ಸಂಗತಿ ಇದು. ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಪೈಪು ಒಂದು ಬಿಟ್ಟುಹೋಗಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗಿ ಮಿಶ್ರಣ ಕೆಡುತ್ತದೆ, ಹತ್ತಿಕೊಂಡರೂ ನಿಲ್ಲುವುದಿಲ್ಲ.

ಡೀಸೆಲ್ ಕಾರಿನವರಿಗೆ ಒಂದೇ ಮಾತು. ಡೀಸೆಲ್ ಫಿಲ್ಟರ್ ಅಥವಾ ಪೈಪು ಬಿಚ್ಚಿದ್ದರೆ ಲೈನಿನಲ್ಲಿ ಏರ್ ಹಿಡಿದಿರುತ್ತದೆ. ಹ್ಯಾಂಡ್ ಪ್ರೈಮರ್ ಇದ್ದರೆ ಅದು ಗಟ್ಟಿಯಾಗುವ ತನಕ ಒತ್ತಿ ಏರ್ ತೆಗೆಯಿರಿ. ಕಾಮನ್ ರೈಲ್ ಎಂಜಿನ್‌ನಲ್ಲಿ ಮಾತ್ರ ಹಳೆಯ ಟ್ರ್ಯಾಕ್ಟರಿನಲ್ಲಿ ಮಾಡಿದಂತೆ ಇಂಜೆಕ್ಟರ್ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ಮೀರಬಹುದು. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ, ಕೈ ಕಳೆದುಕೊಳ್ಳಬೇಕಾದೀತು.

ಹಾಳೆಯ ಪಟ್ಟಿ ಮುಗಿಯಿತು, ಗುರುತುಗಳು ಕೂಡಿವೆ, ಕಿಡಿಯಿದೆ, ಪೆಟ್ರೋಲಿದೆ, ಆದರೂ ಹತ್ತಿಕೊಳ್ಳುತ್ತಿಲ್ಲ ಎಂದರೆ ಕಂಪ್ರೆಷನ್ ಗೇಜ್ ಇರುವವರನ್ನು ಕರೆಯುವುದೇ ವಾಸಿ. ಆರೋಗ್ಯವಂತ ಪೆಟ್ರೋಲ್ ಎಂಜಿನ್ 140ರಿಂದ 190 ಪಿಎಸ್‌ಐವರೆಗೆ ತೋರಿಸುತ್ತದೆ. ಎಲ್ಲ ಸಿಲಿಂಡರೂ ನೂರರ ಕೆಳಗಿದ್ದರೆ ಟೈಮಿಂಗ್ ಇಲ್ಲವೇ ವಾಲ್ವು, ಅಕ್ಕಪಕ್ಕದ ಎರಡು ಮಾತ್ರ ಕೆಳಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸೋರುತ್ತಿದೆ. ಮೆಕ್ಯಾನಿಕ್ ಬಂದಾಗ ‘ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು ನೋಡಪ್ಪ’ ಎಂದು ಮರ್ಯಾದೆ ಉಳಿಸಿಕೊಳ್ಳಲು ಹೋಗಬೇಡಿ. ಆ ಹಾಳೆಯನ್ನೇ ಅವರ ಕೈಗೆ ಕೊಟ್ಟು, ಏನೇನು ಬಿಚ್ಚಿದಿರಿ, ಯಾವುದು ಹೊಸದು ಹಾಕಿದಿರಿ, ಆಮೇಲೆ ಎಷ್ಟು ಹೊತ್ತು ಸೆಲ್ಫ್ ಹೊಡೆದಿರಿ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಅವರ ಅರ್ಧ ದಿನದ ಹುಡುಕಾಟ ಉಳಿಯುತ್ತದೆ, ನಿಮಗೆ ಅರ್ಧ ದಿನದ ಕೂಲಿ.